ನಾಲ್ಕು ಅಂಡಾಣು, ಒಬ್ಬಳು ಸಾಕ್ಷಿ

ಪುಟ್ಟ ತಟ್ಟೆಯಲ್ಲಿ ಎಣ್ಣೆಯ ಕೆಳಗೆ ಹನಿ ಅಲುಗಿತು, ಇಲ್ಲ, ಅಲುಗಿದ್ದು ನನ್ನ ಕಣ್ಣು, ಬೆಳಗಿನಿಂದ ಪರದೆ ನೋಡಿ ನೋಡಿ ರೆಪ್ಪೆ ಒಣಗಿದೆ, ಈ ಕೋಣೆಗೆ ಗಾಳಿಯನ್ನೂ ಸೋಸಿಯೇ ಬಿಡುವುದು, ಸೆಂಟು ಹಾಕುವಂತಿಲ್ಲ, ಪೌಡರು ಹಚ್ಚುವಂತಿಲ್ಲ, ಘಮ ಎನ್ನುವುದೇ ಇಲ್ಲಿ ವಿಷ, ಅರೆಗತ್ತಲಲ್ಲಿ ಪರದೆಯೊಂದೇ ಬೆಳ್ಳಗೆ, ಅದರ ಮೇಲೆ ನಾಲ್ಕು ಅಂಡಾಣು, ನಿಜದಲ್ಲಿ ಉಗುರಿನ ಸಂದಿಯ ಧೂಳಿನ ಕಣದಷ್ಟು, ಪರದೆಯಲ್ಲಿ ಊಟದ ತಟ್ಟೆಯಷ್ಟು, ನಾಲ್ಕೇ ನಾಲ್ಕು, ಮೂರನೆಯ ಸಲಕ್ಕೆ, ಆಚೆ ವಾರ್ಡಿನಲ್ಲಿ ಮಲಗಿರುವ ಅವಳ ಒಡಲು ಕೊಟ್ಟದ್ದು ಇಷ್ಟೇ, ಇನ್ನೊಂದು ಸಲ ಕೊಡುವ ನಂಬಿಕೆಯಿಲ್ಲ ಎಂದು ಬೆಳಿಗ್ಗೆ ಸೂಜಿ ಹಾಕಿ ತೆಗೆದವರೇ ಹೇಳಿದರು, ಗಡಿಯಾರದ ಡಾಕ್ಟರು ಸ್ಟೂಲು ಎಳೆದುಕೊಂಡರು, ಎಲ್ಲರೂ ಅವರನ್ನು ಬೆನ್ನ ಹಿಂದೆ ಕರೆಯುವುದು ಹಾಗೆಯೇ, ಮಗು ಬೇಕಾ ಎಂದು ಕೇಳುವಾಗಲೂ ಎದುರು ಕೂತವರ ಮುಖ ಬಿಟ್ಟು ಗೋಡೆಯ ಗಡಿಯಾರ ನೋಡುವವರು, ಆದರೆ ಕೈ, ಆ ಕೈ ಮಾತ್ರ ನಡುಗಿದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ನನ್ನ ಕೆಲಸ ಸಾಕ್ಷಿ. ಯಾವ ತಟ್ಟೆ ಎತ್ತಿದರೂ ಯಾವ ನಳಿಕೆಯ ಮುಚ್ಚಳ ತೆಗೆದರೂ ಅದರ ಮೇಲಿನ ಸಂಖ್ಯೆಯನ್ನು ಅವರು ಗಟ್ಟಿಯಾಗಿ ಓದಬೇಕು, ನಾನು ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಿ, ಸರಿ, ಅನ್ನಬೇಕು, ಅನ್ನುವ ತನಕ ಯಾರೂ ಕೈ ಮುಂದಿಡುವಂತಿಲ್ಲ, ಒಬ್ಬರ ಮಗು ಇನ್ನೊಬ್ಬರ ಹೊಟ್ಟೆ ಸೇರಬಾರದೆಂದು ಮಾಡಿದ ಕಟ್ಟಳೆ, ದಿನಕ್ಕೆ ನೂರು ಸಲ ಸರಿ ಅಂದೂ ಅಂದೂ ಅದೇ ಬಾಯಿಗೆ ಬಂದುಬಿಟ್ಟಿದೆ, ಮನೆಯಲ್ಲಿ ಗಂಡ ನಗುತ್ತಾನೆ, ನಿನ್ನ ಜೊತೆ ನೆಟ್ಟಗೆ ಒಂದು ಜಗಳ ಆಡೋಕೂ ಆಗಲ್ಲ ಕಣೇ, ಬೈದ್ರೂ ಸರಿ ಅಂತೀಯ. ಇವತ್ತು ತಟ್ಟೆ ಓದಿದರು, ನಲವತ್ತೊಂದು ಹದಿನೇಳು, ಸರಿ ಅಂದೆ. ಅವಳ ಗಂಡನ ವೀರ್ಯದ ನಳಿಕೆ ಓದಿದರು, ನಲವತ್ತೊಂದು ಹದಿನೇಳು, ಸರಿ ಅಂದೆ. ಈಗ ಮಂಜುಗಡ್ಡೆಯ ಡಬ್ಬಿಯಿಂದ ನೀಲಿ ಮುಚ್ಚಳದ ಪುಟ್ಟ ನಳಿಕೆ ಹೊರಗೆ ಬಂದಿದೆ, ಅದರೊಳಗಿನ ದ್ರವದಲ್ಲಿ ಕಣ್ಣಿಗೆ ಕಾಣದ ಕತ್ತರಿ ಇದೆ, ಅದೇ ಸೂಜಿಯಲ್ಲಿ ವೀರ್ಯದ ಜೊತೆ ಅಂಡಾಣುವಿನೊಳಗೆ ಹೋಗಿ, ಕಿವಿ ಕೇಳದಿರುವ ಆ ಒಂದು ಗುಣವನ್ನು ಕತ್ತರಿಸಿ ಬೇರೆಯದನ್ನು ಕೂರಿಸುತ್ತದಂತೆ, ನಲವತ್ತೊಂದು ಹದಿನೇಳು ಅಂದರು ಡಾಕ್ಟರು, ನನ್ನ ಬಾಯಿ ತೆರೆಯಲಿಲ್ಲ.

ಅವಳಿಗೆ ಗೊತ್ತಿಲ್ಲ. ಸೂಜಿ ಗೊತ್ತು, ಗಂಡನ ವೀರ್ಯ ತನ್ನ ಅಂಡಾಣುವಿನೊಳಗೆ ಹೋಗುವುದು ಗೊತ್ತು, ಎರಡು ಸಲ ಅನುಭವಿಸಿದ್ದಾಳೆ, ಈ ನೀಲಿ ಮುಚ್ಚಳ ಗೊತ್ತಿಲ್ಲ, ಗೊತ್ತಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು, ಯಾಕೆಂದರೆ ಹೇಳದೆ ಬಿಟ್ಟವಳು ನಾನೇ. ಗಂಡ ಹೆಂಡತಿ ಇಬ್ಬರೂ ಪುಸ್ತಕ ಕಟ್ಟುವ ಕಾರ್ಖಾನೆಯವರು, ಅವಳು ಹಾಳೆ ಮಡಚಿ ಹೊಲಿಯುವವಳು, ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟಿನ ಪೊರೆ, ಅವನು ಕಾಗದ ಕತ್ತರಿಸುವ ಯಂತ್ರದ ಮುಂದೆ, ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಕಿವುಡು ಮಕ್ಕಳ ಶಾಲೆಯ ಒಂದೇ ತರಗತಿಯಲ್ಲಿ ಬೆಳೆದವರು, ತಾವಾಗಿ ಒಪ್ಪಿ ಮದುವೆಯಾದವರು, ಅವರು ನಮ್ಮಲ್ಲಿಗೆ ಕಿವಿ ಬೇಡಿಕೊಂಡು ಬಂದವರಲ್ಲ, ಮಗು ಬೇಡಿಕೊಂಡು ಬಂದವರು, ಅವಳ ಗರ್ಭನಾಳ ಮುಚ್ಚಿದೆ ಅಷ್ಟೆ, ಎರಡು ಸಲ ಮಾಡಿದ್ದು ನಿಲ್ಲಲಿಲ್ಲ, ಮೂರನೆಯ ಸಲಕ್ಕೆ ಅವರಲ್ಲಿ ದುಡ್ಡಿನ ಶಕ್ತಿ ಉಳಿದಿರಲಿಲ್ಲ, ಆಗ ಡಾಕ್ಟರು ಅವಳ ಅತ್ತೆಯನ್ನು ಒಳಗೆ ಕರೆದು ಕೂರಿಸಿದರು, ಕಿವಿ ಕೇಳುವವಳು, ಡಾಕ್ಟರ ಪಾಲಿಗೆ ಆ ಮನೆಯಲ್ಲಿ ಮಾತಾಡಿಸಬಹುದಾದ ಮನುಷ್ಯಳು ಅವಳೊಬ್ಬಳೇ, ಇಬ್ಬರದ್ದೂ ಒಂದೇ ಜೀನಿನಲ್ಲಿ ದೋಷ ಇದೆ ಅಮ್ಮಾ, ಹುಟ್ಟೋ ಮಗೂನೂ ಹಂಗೇ ಇರುತ್ತೆ, ನಮ್ಮ ಹೊಸ ಕಾರ್ಯಕ್ರಮಕ್ಕೆ ಸೇರಿದ್ರೆ ಭ್ರೂಣದಲ್ಲೇ ತಿದ್ದಿಬಿಡಬಹುದು, ಖರ್ಚೆಲ್ಲ ಆಸ್ಪತ್ರೇದೇ, ಮೊದಲ ಹತ್ತು ಜೋಡಿಗೆ ಮಾತ್ರ. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡಳು, ಎರಡು ಗೋಡೆ ಜೊತೆ ಬಾಳ್ತಾ ಇದೀನಿ ಡಾಕ್ಟ್ರೇ, ಮೂರನೇ ಗೋಡೆ ಬೇಡ, ಅಜ್ಜೀ ಅಂತ ಕೂಗೋ ಒಂದು ಬಾಯಿ ಕೊಡಿ ಸಾಕು. ಗಂಡ ಹೆಂಡತಿ ಪಕ್ಕದಲ್ಲೇ ಇದ್ದರು, ಒಮ್ಮೆ ಇವರ ಬಾಯಿ ಒಮ್ಮೆ ಅವರ ಬಾಯಿ ನೋಡುತ್ತ. ಒಪ್ಪಿಗೆ ಪತ್ರ ಎಂಟು ಪುಟ, ಎಂಥೆಂಥ ಪದಗಳು, ಓದು ಬಲ್ಲವರಿಗೂ ಉಸಿರು ಕಟ್ಟಬೇಕು, ನಿಂಗೆ ಕೈಮಾತು ಬರುತ್ತಲ್ಲಮ್ಮ, ಹೇಳಿ ಮುಗಿಸು, ಹತ್ತು ನಿಮಿಷ, ಅಂದರು ಡಾಕ್ಟರು ಗಡಿಯಾರಕ್ಕೆ, ಆರು ಪುಟ ಹೇಳಿದೆ, ಚೆನ್ನಾಗಿಯೇ ಹೇಳಿದೆ, ಅವಳು ತಲೆಯಾಡಿಸಿದಳು, ಪ್ರಶ್ನೆಯನ್ನೂ ಕೇಳಿದಳು, ಏಳನೆಯ ಪುಟದಲ್ಲಿತ್ತು ಇದು, ತಿದ್ದುವುದು, ತಿದ್ದಿದ ಮಗುವನ್ನು ವರ್ಷವರ್ಷ ತಂದು ರಕ್ತ ಕೊಡಿಸಬೇಕಾದ್ದು, ಅದರ ಮಕ್ಕಳನ್ನೂ ತರಬೇಕಾದ್ದು, ಮುಂದೇನು ಆದೀತೆಂದು ಯಾರಿಗೂ ತಿಳಿಯದ್ದು, ಅಷ್ಟರಲ್ಲಿ ಅತ್ತೆ ಏನೋ ಅಂದಳು, ಡಾಕ್ಟರು ನಕ್ಕರು, ಅವಳು ನನ್ನ ಕಡೆ ಹುಬ್ಬೆತ್ತಿದಳು, ಏನಂತೆ, ನನ್ನ ಕೈ ತಾನಾಗಿ ಗಾಳಿಯಲ್ಲಿ ಒಂದು ಒರೆಸು ಒರೆಸಿತು, ಏನಿಲ್ಲ, ಎಲ್ಲ ಸರಿ, ಇಲ್ಲಿ ಸಹಿ. ಮಾಡಿದಳು. ಗಂಡನೂ ಮಾಡಿದ, ಕೆಳಗೆ ನಾನೂ ಮಾಡಿದೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪೂರ್ಣವಾಗಿ ವಿವರಿಸಲಾಗಿದೆ ಎಂಬ ಸಾಲಿನ ಪಕ್ಕದಲ್ಲಿ.

ಆ ಏನಿಲ್ಲ ನನ್ನ ಕೈಗೆ ಹೊಸದಲ್ಲ, ಐದನೆಯ ವಯಸ್ಸಿನಿಂದ ಕೈಯಲ್ಲೇ ಬೆಳೆದದ್ದು, ಅಣ್ಣನಿಗಾಗಿ ಕಲಿತದ್ದು, ಅಣ್ಣನಿಗೂ ಕೇಳುತ್ತಿರಲಿಲ್ಲ, ಮೂರು ವರ್ಷದ ತನಕ ಗೊತ್ತೇ ಆಗದೆ ಅಮ್ಮ ಅವನ ಕಿವಿಯ ಹತ್ತಿರ ಹಾಡುತ್ತಿದ್ದಳಂತೆ, ಅವನು ಅವಳ ಗಂಟಲ ಮೇಲೆ ಅಂಗೈಯಿಟ್ಟು ಮಲಗುತ್ತಿದ್ದನಂತೆ, ಮಗೂಗೆ ಹಾಡು ಅಂದ್ರೆ ಎಷ್ಟು ಪ್ರಾಣ ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳಂತೆ. ಶಾಲೆಯಲ್ಲಿ ಅವನು ಕೈಯಾಡಿಸಿದರೆ ಮೇಷ್ಟರು ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು, ಬಾಯಾಡ್ಸೋ, ಕೈಯಾಡ್ಸಬೇಡ, ಅಪ್ಪನೂ ಅದೇ, ಜನ ನೋಡ್ತಾರೆ ಕೈ ಕೆಳಗಿಡು, ಆದ್ದರಿಂದ ಅಣ್ಣ ಮತ್ತು ನಾನು ಮೇಜಿನ ಕೆಳಗೆ ಮಾತಾಡಿಕೊಳ್ಳುತ್ತಿದ್ದೆವು, ಅವನ ಕೈಯಲ್ಲಿ ನನ್ನ ಹೆಸರು ಜಡೆ ಎಳೆಯುವುದು, ಈಗಲೂ ಅದೇ, ಜಡೆ ಕತ್ತರಿಸಿ ಎಷ್ಟು ವರ್ಷವಾದರೂ. ಊಟಕ್ಕೆ ಕೂತಾಗ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಎಲ್ಲವನ್ನೂ ಅವನಿಗೆ ದಾಟಿಸಿದರೆ ನನ್ನ ಅನ್ನ ಆರಿ ಹೋಗುತ್ತಿತ್ತು, ನಾನೂ ಮಗು, ನನಗೂ ಹಸಿವು, ಹತ್ತು ಮಾತಿಗೆ ಒಂದು ಹೇಳುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟು ಏನಿಲ್ಲ ಅನ್ನತೊಡಗಿದೆ, ಒಂದು ದಿನ ಇಡೀ ಮನೆ ನಕ್ಕಿತು, ಅಪ್ಪ ಏನೋ ಹೇಳಿದ, ಅಮ್ಮ ನಕ್ಕು ನಕ್ಕು ನೀರು ನೆತ್ತಿಗೇರಿ ಕೆಮ್ಮಿದಳು, ಅಣ್ಣ ಎಲ್ಲರ ಮುಖ ನೋಡಿ ಸ್ವಲ್ಪ ತಡವಾಗಿ ತಾನೂ ನಕ್ಕು, ನನ್ನ ಮೊಣಕೈ ತಟ್ಟಿ ಕೇಳಿದ, ಏನು, ಏನಿಲ್ಲ ಅಂದೆ, ಮತ್ತೆ ತಟ್ಟಿದ, ಆಮೇಲೆ ಹೇಳ್ತೀನಿ ಅಂದೆ. ಹೋದ ವರ್ಷ ಅವನ ಗ್ಯಾರೇಜಿಗೆ ಹೋಗಿದ್ದೆ, ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ, ಹೊಸ ಕಾರ್ಯಕ್ರಮ ಆಗಷ್ಟೇ ಶುರುವಾಗಿತ್ತು, ಕೇಳಿಯೇಬಿಟ್ಟೆ, ಹುಟ್ಟೋಕೆ ಮುಂಚೇನೇ ನಿನ್ನ ಸರಿಮಾಡೋ ಹಾಗಿದ್ದಿದ್ರೆ ಮಾಡಿಸ್ಕೊಳ್ತಿದ್ಯಾ. ಅಣ್ಣ ಬಣ್ಣದ ಕೈ ಒರೆಸಿಕೊಂಡ, ಮೊದಲು ನೀನು ಹೇಳು, ಅವತ್ತು ಊಟದ ಹೊತ್ತಲ್ಲಿ ಅಮ್ಮ ಕೆಮ್ಮೋ ಅಷ್ಟು ನಕ್ಕಿದ್ದು ಯಾತಕ್ಕೆ. ಮೂವತ್ತು ವರ್ಷ ಇಟ್ಟುಕೊಂಡಿದ್ದಾನೆ ಪ್ರಶ್ನೆಯನ್ನು. ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಿಲ್ಲ, ಅಪ್ಪ ಸತ್ತ, ಅಮ್ಮನಿಗೂ ಮರೆತಿದೆ, ಆ ನಗು ಭೂಮಿಯ ಮೇಲೆ ಈಗ ಯಾರ ಹತ್ತಿರವೂ ಇಲ್ಲ. ಅಣ್ಣ ಭುಜ ಕುಣಿಸಿ ಮತ್ತೆ ಬಣ್ಣಕ್ಕೆ ಕೈ ಹಾಕಿದ.

ಏನಮ್ಮ, ನಿದ್ದೇನಾ, ನಲವತ್ತೊಂದು ಹದಿನೇಳು, ಡಾಕ್ಟರು ಎರಡನೆಯ ಸಲ ಓದಿದ್ದಾರೆ, ನಾನು ನಳಿಕೆಯನ್ನೇ ನೋಡುತ್ತಿದ್ದೇನೆ, ಸಂಖ್ಯೆ ಸರಿಯೇ ಇದೆ, ಅಲ್ಲೇ ಇರುವುದು ಮೋಸ, ಸಂಖ್ಯೆ ಸರಿಯಾಗಿದ್ದರೆ ಎಲ್ಲವೂ ಸರಿ ಎಂದು ಕಲಿಸಿಬಿಟ್ಟಿದ್ದಾರೆ ನಮಗೆ, ಆದರೆ ಅಮ್ಮ, ಅಮ್ಮ ಇಲ್ಲಿ ನಿಂತಿದ್ದರೆ ನನ್ನ ಕಪಾಳಕ್ಕೆ ಬಿಗಿಯುತ್ತಿದ್ದಳು, ನನ್ನ ಕಾಲದಲ್ಲಿ ಈ ಸೂಜಿ ಇದ್ದಿದ್ರೆ ಒಂದಲ್ಲ ಹತ್ತು ಚುಚ್ಚಿಸ್ಕೊಳ್ತಿದ್ದೆ ಕಣೇ, ನಿಂಗೇನು ಗೊತ್ತು, ರಸ್ತೆ ದಾಟೋ ಮಗನ್ನ ಬೆನ್ನಿಂದ ಕೂಗಿ ಕರೆಯೋಕಾಗದೆ ನಿಂತಿದ್ದು ನಾನು. ನಿಜ, ಅದು ನಿಜ, ಮತ್ತೆ ರಕ್ತದ ಕಾಯಿಲೆಯ ಆ ಹುಡುಗಿ, ಹೋದ ತಿಂಗಳು ತಾಯಿಯ ಜೊತೆ ಬಂದು ಬೆಂಚಿನ ಮೇಲೆ ಮುದುಡಿ ಮಲಗಿದವಳು, ಮೂಳೆಯೊಳಗೆ ಇರುವೆ ಕಚ್ತಾವೆ ಅಮ್ಮಾ ಎಂದು ಅಳುತ್ತಿದ್ದವಳು, ಅವಳ ಬೆನ್ನಿಗೆ ಹುಟ್ಟುವ ಮಗುವಿಗೆ ಅಂಥದ್ದು ಬಾರದಂತೆ ತಿದ್ದುತ್ತೇವೆಂದರೆ ನಾನು ಉಸಿರು ಬಿಗಿಹಿಡಿದು ಸರಿ ಅಂದೇನು, ನೋವು ನೋವೇ, ಅದಕ್ಕೆ ಯಾರ ವಾದವೂ ಬೇಕಿಲ್ಲ, ಆದರೆ ಅಣ್ಣನಿಗೆ ಕಿವಿ ನೋಯುತ್ತಿರಲಿಲ್ಲ, ಅವನಿಗೆ ನೋಯುತ್ತಿದ್ದದ್ದು ಗೆಣ್ಣು, ಸ್ಕೇಲು ಬಿದ್ದ ಗೆಣ್ಣು, ನೋಯುತ್ತಿದ್ದದ್ದು ನನ್ನ ಏನಿಲ್ಲ, ಅದನ್ನು ತಿದ್ದಲು ಯಾವ ನೀಲಿ ಮುಚ್ಚಳ ಬೇಕಿತ್ತು, ಬಸ್ ನಿಲ್ದಾಣದಲ್ಲಿ ಬಸ್ಸು ಯಾವುದೆಂದು ಒಂದು ಬೋರ್ಡು ಬರೆದು ಹಾಕಲಾರದವರು, ಶಾಲೆಗೊಬ್ಬ ಕೈಮಾತಿನ ಮೇಷ್ಟರನ್ನು ಇಡಲಾರದವರು, ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕಿವುಡಿಯೊಬ್ಬಳಿಗೆ ಅವಳ ಮಾತಲ್ಲಿ ಹೇಳಲು ತಟ್ಟೆ ಕಾಯುವ ನನ್ನನ್ನು ಎಳೆದು ತಂದವರು, ಅವರು ಇನ್ನೂ ಹುಟ್ಟದ ಕೂಸಿನೊಳಗೆ ಕತ್ತರಿಯಾಡಿಸಬಲ್ಲರು, ಲೋಕ ಅಲುಗುವುದಿಲ್ಲ, ಕೂಸೇ ಅಲುಗಬೇಕು, ಲೋಕಕ್ಕೆ ಅಳತೆ ತೆಗೆದು ಕೂಸನ್ನು ಕತ್ತರಿಸಬೇಕು. ಗೆರೆ ಎಲ್ಲಿ ಎಳೆಯುವುದು, ಸೀಮೆಸುಣ್ಣ ಯಾರ ಕೈಯಲ್ಲಿದೆ, ಹೋದ ವಾರದ ಮೀಟಿಂಗಿನಲ್ಲಿ ಹೊರಗಿನಿಂದ ಬಂದಿದ್ದ ಸೂಟಿನವನೊಬ್ಬ ನಗುತ್ತ ಹೇಳಿದ, ಇವತ್ತು ಕಿವಿ, ನಾಳೆ ಎತ್ತರ, ನಾಡಿದ್ದು ಬಣ್ಣ, ಬೇಡ ಅಂತ ಯಾರು ಹೇಳ್ತಾರೆ ಹೇಳಿ, ಬಿಸ್ಕತ್ತಿನ ತಟ್ಟೆ ಕೈಯಿಂದ ಕೈಗೆ ದಾಟಿತು, ನಾನು ನನ್ನ ಕರೀ ಕೈ ನೋಡಿಕೊಂಡೆ, ಅಪ್ಪನ ಕೈ, ಅಜ್ಜಿಯ ಕೈ, ಇದೂ ಯಾರದೋ ಪಟ್ಟಿಯಲ್ಲಿ ದೋಷವೆಂದು ಬರೆದಾಗಿದೆ. ಮತ್ತೆ ಆ ಮೊದಲ ಜೋಡಿಯ ಭ್ರೂಣ, ಐದನೆಯ ದಿನ ಪರೀಕ್ಷೆ ಮಾಡಿದರೆ ಅರ್ಧ ಜೀವಕೋಶಗಳಲ್ಲಿ ತಿದ್ದಿದೆ, ಅರ್ಧದಲ್ಲಿ ಇಲ್ಲ, ಒಂದೆರಡರಲ್ಲಿ ಮುಟ್ಟಬಾರದ ಬೇರೆ ಜಾಗವನ್ನೂ ಕತ್ತರಿಸಿತ್ತು, ಬೆಳವಣಿಗೆ ನಿಂತಿತು ಎಂದು ಬರೆದು ತಟ್ಟೆ ಎಸೆದರು, ಅದಕ್ಕೂ ಸಾಕ್ಷಿ ನಾನೇ, ಸರಿ ಅಂದಿದ್ದೆ.

ಅವಳಿಗೆ ಗೊತ್ತಿಲ್ಲ ಸಾರ್, ಅಂದೆ, ನನ್ನ ದನಿ ಮುಖಗವಸಿನೊಳಗೆ ಬಿಸಿಯಾಗಿ ತಿರುಗಿ ನನಗೇ ಬಡಿಯಿತು. ಯಾರಿಗೆ, ಏನು. ನೀಲಿ ಮುಚ್ಚಳದ್ದು ಸಾರ್, ಅವತ್ತು ನಾನು ಏಳನೇ ಪುಟ ಹೇಳ್ಲಿಲ್ಲ. ಡಾಕ್ಟರು ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆಯದೆಯೇ ಅಂದರು, ನಿನ್ನ ಸಹಿ ಇದೆ. ಇದೆ ಸಾರ್, ಸುಳ್ಳು ಸಹಿ. ಈಗ ತಿರುಗಿದರು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೋಡೆ ಬಿಟ್ಟು ನನ್ನ ಮುಖ ನೋಡಿದರು, ಕಣ್ಣು ಕೆಂಪಾಗಿದೆ, ಅವರೂ ಬೆಳಗಿನಿಂದ ಏನೂ ತಿಂದಿಲ್ಲ, ನೋಡಮ್ಮ, ಒಂದ್ಸಲ ಮಂಜಿಂದ ಈಚೆ ಬಂದ್ಮೇಲೆ, ತಿರುಗಿ ಇಟ್ರೂ, ಇದಕ್ಕೆ ನಲವತ್ತು ನಿಮಿಷ ಆಯಸ್ಸು, ಇದು ಬಿಟ್ರೆ ಇನ್ನೊಂದಿಲ್ಲ, ಇದಿಲ್ದೆ ಈ ನಾಲ್ಕನ್ನ ನಾನು ಮುಟ್ಟೋ ಹಂಗಿಲ್ಲ, ಕಾರ್ಯಕ್ರಮದಿಂದ ಆಚೆ ಹೋದ್ರೆ ಖರ್ಚು ಯಾರೂ ಕೊಡಲ್ಲ, ಅವರಿಗೆ ಮಗೂನೇ ಇಲ್ಲ, ಅರ್ಥ ಆಯ್ತಾ, ನಿನ್ನ ಮನಸ್ಸಾಕ್ಷಿ ತೊಳ್ಕೊಳ್ಳೋಕೆ ಅವಳ ಹೊಟ್ಟೆ ಖಾಲಿ ಮಾಡ್ತೀಯಾ. ಅದು ಎದೆಗೆ ನಾಟಿತು, ಯಾಕೆಂದರೆ ಅದರಲ್ಲಿ ಅರ್ಧ ನಿಜವಿದೆ, ಸುಮ್ಮನೆ ಸರಿ ಅಂದುಬಿಟ್ಟರೆ ಅವಳು ಬಹುಶಃ ತಾಯಿಯಾಗುತ್ತಾಳೆ, ಕಿವಿ ಕೇಳುವ ಮಗುವಿಗೆ, ಎಂದೂ ತಿಳಿಯದೆ, ದೇವರು ಕೊಟ್ಟ ಅಂದುಕೊಂಡು, ಅವಳನ್ನು ಹೋಗಿ ಕೇಳಿದರೆ ಬಹುಶಃ ಯಾವ ಮಗುವೂ ಇಲ್ಲ, ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ಅದಿರಲಿ, ಅವಳ ಕೊನೆಯ ನಾಲ್ಕು, ನಾಲ್ಕೇ ನಾಲ್ಕು, ಆದರೆ ಆ ಮಗು ನಾಳೆ ದೊಡ್ಡದಾಗಿ ವರ್ಷವರ್ಷ ರಕ್ತ ಕೊಡುತ್ತ ಒಂದು ದಿನ ಅಮ್ಮನ ಕೈ ಹಿಡಿದು ನನ್ನೊಳಗೆ ಕೈ ಹಾಕುವಾಗ ನೀನು ಒಪ್ಪಿದ್ಯಾ ಎಂದು ಕೇಳಿದರೆ ಅವಳ ಬಳಿ ಏನಿರುತ್ತದೆ, ನಾನು ಒರೆಸಿಹಾಕಿದ ಗಾಳಿ ಇರುತ್ತದೆ, ಸಾರ್, ಹತ್ತು ನಿಮಿಷ ಕೊಡಿ, ಅವಳು ಬೇಕು ಅಂದ್ರೆ ಓಡಿ ಬಂದು ಸರಿ ಅಂತೀನಿ, ಅವಳು ಹೇಳ್ದೆ ನನ್ನ ಬಾಯಿಂದ ಬರಲ್ಲ. ಅವರು ಬೇರೆಯವರನ್ನು ಕರೆಯಬಹುದಿತ್ತು, ಕರೆಯಲಿಲ್ಲ, ಇವತ್ತು ರಜೆಯಲ್ಲಿರುವ ಇನ್ನೊಬ್ಬ ಸಾಕ್ಷಿ ಬರಲು ಗಂಟೆ ಹಿಡಿಯುತ್ತದೆಂದು ನನಗೂ ಗೊತ್ತು ಅವರಿಗೂ ಗೊತ್ತು, ನಳಿಕೆಯನ್ನು ಮಂಜಿನ ಡಬ್ಬಿಗೆ ಒತ್ತಿದರು, ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಗೆ ಇಡುವ ಮುಂಚೆ ಅಭ್ಯಾಸಬಲದಿಂದ ಸಂಖ್ಯೆ ಓದಿದರು, ನಾನೂ ಅಭ್ಯಾಸಬಲದಿಂದ ಸರಿ ಅಂದೆ, ಇಬ್ಬರಿಗೂ ನಾಚಿಕೆಯಾಯಿತು.

ಕಾರಿಡಾರಿನ ಬೆಳಕು ಕಣ್ಣು ಚುಚ್ಚುತ್ತದೆ, ತಲೆಯ ಟೋಪಿ, ಕಾಲಿನ ಹಸಿರು ಚಪ್ಪಲಿ, ಒಳಗಿನದನ್ನು ಹೊರಗೆ ಹಾಕಿಕೊಂಡು ಓಡಬಾರದು, ಓಡುತ್ತಿದ್ದೇನೆ, ಏಳನೆಯ ಪುಟವನ್ನು ಕೈಯಲ್ಲಿ ಹೇಗೆ ಹೇಳುವುದು, ಜೀನು ಎಂಬುದಕ್ಕೆ ಅಣ್ಣನ ಕೈಮಾತಿನಲ್ಲಿ ಏನೂ ಇಲ್ಲ, ಇವರ ಶಾಲೆಯ ಕೈಮಾತು ನನಗೆ ಮುಕ್ಕಾಲು ಮಾತ್ರ ಬರುತ್ತದೆ, ಬರೆದು ತೋರಿಸುತ್ತೇನೆ, ಚಿತ್ರ ಬಿಡಿಸುತ್ತೇನೆ, ವಾರ್ಡಿನ ಬಾಗಿಲಲ್ಲಿ ಅವಳ ಗಂಡ ನಿಂತಿದ್ದಾನೆ, ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ, ಆ ಒಬ್ಬರು ಅತ್ತೆ, ಯಾಕೆಂದರೆ ಸಿಸ್ಟರ್ ಕೂಗಿ ಕರೆದರೆ ಓಗೊಡಬೇಕಲ್ಲ, ಅವನ ತೋಳು ಹಿಡಿದು ಒಳಗೆ ಎಳೆದುಕೊಂಡೆ, ಏನ್ರೀ ಇದು, ಇಬ್ಬಿಬ್ಬರು, ಎಂದು ಸಿಸ್ಟರ್ ಎದ್ದಳು. ಮಂಚದ ಮೇಲೆ ಅವಳು ಎಚ್ಚರವಾಗಿದ್ದಾಳೆ, ತುಟಿ ಒಣಗಿದೆ, ನನ್ನನ್ನು ಕಂಡು ನಕ್ಕಳು, ಬಲಗೈ ಎತ್ತಲು ಹೋದಳು, ಎತ್ತಲಾಗಲಿಲ್ಲ, ಗ್ಲೂಕೋಸಿನ ಸೂಜಿ ಚುಚ್ಚಿದ ಆ ಕೈಯನ್ನು ಉದ್ದನೆಯ ರಟ್ಟಿಗೆ ಸೇರಿಸಿ ಮಂಚದ ಕಂಬಿಗೆ ಬಟ್ಟೆಪಟ್ಟಿಯಿಂದ ಕಟ್ಟಿದ್ದಾರೆ. ಇದೇನು ಸಿಸ್ಟರ್. ಇನ್ನೇನ್ರೀ ಮಾಡೋದು, ಎಚ್ಚರ ಆದಾಗಿಂದ ಕೈ ಆಡಿಸ್ತಾನೇ ಇದ್ದಾಳೆ, ಸೂಜಿ ಕಿತ್ಕೊಂಡ್ರೆ ನಾನು ಹೊಣೆ, ಅದಕ್ಕೇ ಕಟ್ಟಿದೆ. ಮಾತಾಡ್ತಾ ಇದ್ದಿದ್ದು ಸಿಸ್ಟರ್ ಅವಳು, ಬಾಯಿಗೆ ಬಟ್ಟೆ ತುರುಕಿದೀರ ನೀವು, ಬಿಚ್ಚಿ, ಅಂದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಬಾಟಲಿ ಹೇಗೂ ಖಾಲಿಯಾಗಿತ್ತು, ಸಿಸ್ಟರ್ ಗೊಣಗುತ್ತ ಸೂಜಿ ತೆಗೆದು ಹತ್ತಿ ಒತ್ತಿ ಪಟ್ಟಿ ಬಿಚ್ಚಿದಳು. ಮಂಚದ ಅಂಚಿಗೆ ಕೂತೆ, ಇಬ್ಬರಿಗೂ ಕಾಣುವಂತೆ, ಹೇಳಿದೆ, ಬೆರಳು ಸುತ್ತಿ ಅಂಡಾಣು, ಸೂಜಿ, ವೀರ್ಯ, ಅದರ ಜೊತೆ ಇನ್ನೊಂದು, ಕತ್ತರಿ, ಒಳಗೆ ಕತ್ತರಿಸಿ ಬೇರೆ ಕೂರಿಸುವುದು, ಮಗುವಿನ ಕಿವಿ ತೆರೆಯುವುದು, ಆ ಮಗುವಿನ ಮಗುವಿಗೂ, ಅದರ ಮಗುವಿಗೂ, ಆಗದೆಯೂ ಹೋಗಬಹುದು, ಬೇರೆಲ್ಲೋ ಕತ್ತರಿಸಿ ಕೆಡಬಹುದು, ವರ್ಷವರ್ಷ ರಕ್ತ, ಅವತ್ತು ನಾನು ಇದನ್ನು ಹೇಳಲಿಲ್ಲ, ಬಿಟ್ಟೆ, ತಪ್ಪು ನನ್ನದು, ಬೇಡವೆಂದರೆ ಇವರು ಈ ನಾಲ್ಕನ್ನೂ ಮುಟ್ಟುವುದಿಲ್ಲ, ಮಗು ಇಲ್ಲದೆ ಹೋಗಬಹುದು, ಕೈಗೆ ಬಾರದ್ದನ್ನು ಅವಳ ಮಂಚದ ಚೀಟಿಯ ಹಿಂದೆ ಬರೆದೆ. ಅವಳ ನಗು ಇದ್ದಲ್ಲೇ ನಿಂತಿತು. ಅತ್ತೆ ನನ್ನ ಭುಜ ಹಿಡಿದು ಅಲುಗಿಸಿದಳು, ಏನ್ ಹೇಳ್ತಾ ಇದೀಯಾ ಅವಳಿಗೆ, ಎಲ್ಲ ಮುಗಿದಿದೆಯಲ್ಲಾ, ಮನೆ ಹಾಳ್ ಮಾಡ್ಬೇಡ ತಾಯಿ, ಅವಳಿಗೇನು ತಿಳಿಯುತ್ತೆ, ನಾನು ಈ ಮಾತನ್ನೂ ಒಂದೂ ಬಿಡದೆ ಕೈಗೆ ತಂದೆ, ಮನೆ ಹಾಳು ಎಂಬುದನ್ನೂ, ಅವಳಿಗೇನು ತಿಳಿಯುತ್ತೆ ಎಂಬುದನ್ನೂ, ಅವತ್ತು ಇವರನ್ನು ಗೋಡೆ ಎಂದದ್ದನ್ನೂ, ಅಜ್ಜೀ ಎಂದು ಕೂಗುವ ಬಾಯಿ ಬೇಕೆಂದು ಅತ್ತದ್ದನ್ನೂ, ಅವಳು ಅತ್ತೆಯ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು, ಗಂಡನ ಕಡೆ ತಿರುಗಿದಳು, ಇಬ್ಬರ ಕೈಗಳೂ ಒಮ್ಮೆಲೇ ಎದ್ದವು, ಎಷ್ಟು ವೇಗ, ಎಷ್ಟು ಹತ್ತಿರ, ಬೆರಳುಗಳು ಒಂದನ್ನೊಂದು ಕತ್ತರಿಸಿ ಹಾಯುತ್ತವೆ, ಅವನು ಎದೆ ಬಡಿದುಕೊಂಡ, ಅವಳು ಇಲ್ಲವೆಂಬಂತೆ ತಲೆಯಾಡಿಸಿ ತನ್ನ ಹೊಟ್ಟೆ ಮುಟ್ಟಿಕೊಂಡಳು, ಅವನು ಕಿವಿ ತೋರಿಸಿದ, ಅವಳು ಕೈ ತೋರಿಸಿದಳು, ಒಂದು ಸಲ ನಕ್ಕರೂ ನಕ್ಕರು, ಅಳುತ್ತಲೇ, ಯಾಕೆ ನಕ್ಕರು, ನನಗೆ ಅರ್ಧವೂ ಸಿಗುತ್ತಿಲ್ಲ. ಏನಂತೆ, ಏನಂತೆ, ಅತ್ತೆ ನನ್ನನ್ನು ತಿವಿಯುತ್ತಿದ್ದಾಳೆ, ಬಾಗಿಲಲ್ಲಿ ಗಡಿಯಾರದ ಡಾಕ್ಟರು ಬಂದು ನಿಂತಿದ್ದಾರೆ, ಹದಿನೆಂಟು ನಿಮಿಷ ಉಳಿದಿದೆ, ಏನಂತಮ್ಮ ಅವಳು, ಗೊತ್ತಿಲ್ಲ ಸಾರ್, ಗೊತ್ತಿಲ್ಲ ಅಂದ್ರೆ, ನಂಗೆ ಗೊತ್ತಾಗ್ತಾ ಇಲ್ಲ ಸಾರ್, ಹದಿನೇಳು, ಕೇಳಮ್ಮ ಬೇಗ, ಹೂಂ ಅಂತಾಳಾ ಉಹೂಂ ಅಂತಾಳಾ, ಮಗೂ, ಹೂಂ ಅನ್ನೇ, ನಿನ್ನ ಕಾಲಿಗೆ ಬೀಳ್ತೀನಿ ಹೂಂ ಅನ್ನೇ ಎಂದು ಅತ್ತೆ ಕೇಳದ ಕಿವಿಗೆ ಕೂಗುತ್ತಿದ್ದಾಳೆ, ಡಾಕ್ಟರು ಮಂಚದ ತನಕ ಬಂದು ಬಾಗಿದರು, ಅವಳು ಗಂಡನ ಮುಖದಿಂದ ಕಣ್ಣು ತೆಗೆಯದೆಯೇ ಬಲಗೈಯನ್ನು ನಮ್ಮ ಕಡೆಗೆ ಎತ್ತಿದಳು, ನೆಟ್ಟಗೆ, ಐದೂ ಬೆರಳು ಬಿಡಿಸಿ, ಅಂಗೈ, ಇರಿ, ಇದನ್ನು ಯಾರೂ ಯಾರಿಗೂ ದಾಟಿಸಬೇಕಿಲ್ಲ, ಡಾಕ್ಟರು ನಿಂತರು, ಅತ್ತೆಯ ಬಾಯಿ ತೆರೆದಲ್ಲೇ ನಿಂತಿತು, ಹದಿನಾರೋ ಹದಿನೈದೋ, ಯಾರೂ ಗೋಡೆ ನೋಡುತ್ತಿಲ್ಲ, ಅಂಟಿನ ಪೊರೆ ಕಟ್ಟಿದ ಬೆರಳ ತುದಿಗಳು, ಮಣಿಕಟ್ಟಿನ ಮೇಲೆ ಪಟ್ಟಿ ಬಿಗಿದ ಕೆಂಪು ಗೆರೆ, ಹತ್ತಿ ಜಾರಿ ಸೂಜಿ ತೆಗೆದ ಜಾಗದಿಂದ ಮೊಣಕೈಯತ್ತ ಇಳಿಯುತ್ತಿರುವ ರಕ್ತದ ಒಂದು ಎಳೆ, ಅಂಗೈ, ಅವಳು ಇಳಿಸುತ್ತಿಲ್ಲ, ಅವನ ಜೊತೆ ಎಡಗೈಯಲ್ಲಿ ಮಾತಾಡುತ್ತಲೇ ಇದ್ದಾಳೆ, ಇರಿ, ಅಂಗೈ, ನಾವೆಲ್ಲ ಅದರ ಈಚೆ, ಇರಿ, ಅಂಗೈ —